ಓಣಿಯ ಮಾತು ಕಚೇರಿಗೆ ಮುಟ್ಟಿದ ದಾರಿ

ಇತಿಹಾಸ ಕಲಿಸುವವರಿಗೆ 'ಸ್ಥಳೀಯ ಸ್ವರಾಜ್ಯ'ದ ಪಾಠ ಬಲು ಸಪ್ಪೆ. ಅದರಲ್ಲಿ ಯುದ್ಧವಿಲ್ಲ, ಕೋಟೆಯಿಲ್ಲ, ರಾಣಿಯಿಲ್ಲ. 1882ರಲ್ಲಿ ಲಾರ್ಡ್ ರಿಪ್ಪನ್ ಠರಾವು ಹೊರಡಿಸಿದ, ಊರಿನ ಕಾರಭಾರ ಊರಿನವರ ಕೈಗೆ ಬರತೊಡಗಿತು ಎಂದು ಎರಡು ಸಾಲು ಬರೆಸಿದರೆ ಪಾಠ ಮುಗಿಯಿತು. ಆದರೆ ಹೆಂಗಸರ ದಿನನಿತ್ಯದ ಬದುಕಿಗೆ ಇಷ್ಟು ಹತ್ತಿರದ ಇತಿಹಾಸ ಬೇರೊಂದಿಲ್ಲ. ನಳಕ್ಕೆ ನೀರು ಎಷ್ಟು ಹೊತ್ತಿಗೆ ಬರಬೇಕು, ಗಟಾರ ಯಾವ ಕಡೆ ಹರಿಯಬೇಕು, ದೀಪ ಯಾವ ಕಂಬಕ್ಕೆ ಉರಿಯಬೇಕು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುವಂಥದ್ದು.

ನಮ್ಮ ಬೆಳಗಾವಿ ಸೀಮೆ ಆಗ ಮುಂಬಯಿ ಇಲಾಖೆಯಲ್ಲಿತ್ತು. ಮುನಸಿಪಾಲ್ಟಿಗಳು ಬಂದವು ನಿಜ, ಆದರೆ ಮತ ಇದ್ದದ್ದು ಆಸ್ತಿ ಇದ್ದವರಿಗೆ, ಕರ ಕೊಡುವವರಿಗೆ. ನೀರು ಹೊರುವವಳ ಹೆಸರಿನಲ್ಲಿ ಆಸ್ತಿ ಎಲ್ಲಿಯದು? ನೀರಿನ ಮಾತನ್ನು ಗಂಡಸರೇ ಆಡಿದರು, ಗಂಡಸರೇ ಬರೆದುಕೊಂಡರು.

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ 171 ಅಡಿ ಕೆಳಗೆ ಧುಮುಕುತ್ತಾಳೆ. ಆ ನೀರಿನ ಬಲದಿಂದ 1887ರಷ್ಟು ಹಿಂದೆಯೇ ನೂಲಿನ ಗಿರಣಿ ತಿರುಗಿತು. ಹೊಳೆಯ ಶಕ್ತಿ ಗಿರಣಿಗೆ ಸಿಕ್ಕಿತು, ಸುತ್ತಲಿನ ಹಳ್ಳಿಯ ಅಡಿಗೆಮನೆಗಳಲ್ಲಿ ಚಿಮಣಿ ಬುಡ್ಡಿ ಹಾಗೆಯೇ ಉಳಿಯಿತು. ಪಕ್ಕದ ಹುಕ್ಕೇರಿಯವರು 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ದೇಶದಲ್ಲಿ ಮೊದಲು ಹುಟ್ಟಿದ ಅಂಥ ಐದು ಸಂಘಗಳಲ್ಲಿ ಅದೂ ಒಂದು. ಕರೆಂಟು ಹೋದರೆ ದೂರು ಒಯ್ಯುವುದು ಎಲ್ಲೋ ದೂರದ ಮಂಡಳಿಗಲ್ಲ, ತಾವೇ ಆರಿಸಿದ ಸಂಘಕ್ಕೆ. ಸಂಘದಲ್ಲಿ ರಾಜಕಾರಣ ಇಲ್ಲವೆಂದು ನಾನು ಹೇಳಲಾರೆ. ಆದರೂ ಕೇಳುವವರು ಕೈಗೆಟಕುವಷ್ಟು ಹತ್ತಿರದಲ್ಲಿರುವುದು ಸಣ್ಣ ಮಾತಲ್ಲ.

ಹೆಂಗಸರಿಗೆ ಬಾಗಿಲು ತೆರೆದದ್ದು 1987ರಲ್ಲಿ. 1983ರ ಕಾಯ್ದೆಯಂತೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಆಗ ಚುನಾವಣೆ ನಡೆಯಿತು. ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಣ್ಣುಮಕ್ಕಳಿಗೆ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ 'ನೀರ್‌ಸಾಬ್' ಎನಿಸಿಕೊಂಡ ಮಂತ್ರಿ ಅಬ್ದುಲ್ ನಜೀರ್‌ಸಾಬ್ ಆ ಕಾಯ್ದೆಯ ಹಿಂದಿದ್ದರು. ಗೆದ್ದ ಹೆಣ್ಣುಮಗಳ ಬದಲು ಆಕೆಯ ಯಜಮಾನರೇ ಖುರ್ಚಿ ಏರುತ್ತಾರೆಂದು ಜನ ನಕ್ಕರು. ನಕ್ಕದ್ದರಲ್ಲಿ ಸುಳ್ಳೂ ಇರಲಿಲ್ಲ. ಆದರೆ ಸದಸ್ಯೆಯ ಮನೆ ಓಣಿಯಲ್ಲೇ ಇತ್ತು. ಬೋರಿನ ಹಿಡಿಕೆ ಮುರಿದರೆ ಅರ್ಜಿ ಬರೆಯಬೇಕಿರಲಿಲ್ಲ, ರೊಟ್ಟಿ ಬಡಿಯುತ್ತಿದ್ದವಳ ಒಲೆಯ ಮುಂದೆ ಹೋಗಿ ಕುಳಿತರೆ ಸಾಕಿತ್ತು. 1993ರ ಕಾಯ್ದೆ ಆ ಪಾಲನ್ನು ಮೂರನೆಯ ಒಂದಕ್ಕೆ ಏರಿಸಿತು. 2010ರಲ್ಲಿ ಅದು ಅರ್ಧಕ್ಕೆ ಬಂತು.

ಕಚೇರಿ ಹತ್ತಿರವಾಗಲಿ ಎಂಬುದಕ್ಕೆ ಊರಿಗೆ ಊರೇ ಹೋರಾಡಿದ್ದನ್ನು ಮೂಡಲಗಿಯಲ್ಲಿ ಕಂಡೆವು. ಅದು ಗೋಕಾಕ ತಾಲ್ಲೂಕಿನ ಊರು. ಪಹಣಿಗಾಗಲಿ, ವಿಧವಾ ವೇತನಕ್ಕಾಗಲಿ ಗೋಕಾಕದ ಬಸ್ಸು ಹತ್ತಲೇಬೇಕು. ಸಾಹೇಬರು ಸಿಗದಿದ್ದರೆ ಮತ್ತೆ ಮರುದಿನ. ಕೂಲಿಯವಳಿಗೆ ಅಲ್ಲಿಗೆ ಎರಡು ದಿನದ ಕೂಲಿ ಹೋಯಿತು. 2017ರಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಯಿಂದ ಮೂಡಲಗಿಯ ಹೆಸರು ಬಿಟ್ಟುಹೋದಾಗ ಜನ ಬೀದಿಗಿಳಿದರು. ಹೆಸರು ಮರಳಿ ಸೇರಿತು, 2018ರಲ್ಲಿ ಮೂಡಲಗಿ ತಾಲ್ಲೂಕಾಯಿತು.

ಕಚೇರಿ ಹತ್ತಿರ ಬಂದರೆ ಎಲ್ಲವೂ ಸರಿಹೋದಂತೆಯೇ? 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪಟ್ಟಣಕ್ಕೆ ನುಗ್ಗಿ, ಲೋಳಸೂರ ಸೇತುವೆಯನ್ನು ಮುಳುಗಿಸಿದಳು. 2021ರಲ್ಲಿಯೂ ಬಂದಳು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ದುಡ್ಡು ಕೈಗೆ ಬರಲು ಕಾಗದಪತ್ರ ಬೇಕು. ಬಾಡಿಗೆಯವಳು, ಮಾವನ ಹೆಸರಿನ ಮನೆಯಲ್ಲಿದ್ದ ವಿಧವೆ ಯಾವ ಉತಾರ ತೋರಿಸಬೇಕು? ಇನ್ನೊಂದು ಮಾತು. ಯಾವ ಸಂದಿಯಿಂದ ನೀರು ಮೊದಲು ಒಳಬಂತು, ಯಾರ ಮನೆಯ ಎಷ್ಟನೆಯ ಮೆಟ್ಟಿಲಿಗೆ ನಿಂತಿತು ಎಂಬುದು ಆ ಓಣಿಯ ಹೆಂಗಸರಿಗೆ ಬಾಯಿಪಾಠ. ಅವರನ್ನು ಕೇಳದೆ ಹಾಕಿದ ರಸ್ತೆ, ಎತ್ತರಿಸಿದ ಗಟಾರ ಮುಂದಿನ ಸಲ ನೀರನ್ನು ಪಕ್ಕದ ಮನೆಗೆ ಕಳಿಸುತ್ತದೆ, ಅಷ್ಟೆ.

ಕೇಳುವುದಕ್ಕೆ ಹಳ್ಳಿಯಲ್ಲಿ ಒಂದು ಜಾಗವಾದರೂ ಇದೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಚಾಪೆ ಹಾಸಿ, ಚಹಾ ಕುಡಿಸಿ, ಸಹಿ ಮಾಡಿಸಿ ಕಳಿಸುವ ಸಭೆಗಳೂ ಉಂಟು. ಆದರೆ ಎದ್ದು ನಿಂತು ಕೇಳುವ ಹಕ್ಕನ್ನು ಯಾರೂ ಕಸಿಯಲಾರರು. ಪಟ್ಟಣದ ನಮಗೆ? ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟು ಜನರಿರುವ ಊರುಗಳಲ್ಲಿ ಮಾತ್ರ ವಾರ್ಡ್ ಸಮಿತಿ ಕಡ್ಡಾಯವೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಪಟ್ಟಣಗಳ ಜನರನ್ನು ಒಟ್ಟು ಕೂಡಿಸಿದರೂ ಮೂರು ಲಕ್ಷವಾಗುವುದಿಲ್ಲ. ಹಳ್ಳಿಯಲ್ಲಿ ಅಕ್ಕ ಸಭೆಯಲ್ಲಿ ಕುಳಿತು ಮಾತಾಡಬಹುದು, ಪೇಟೆಗೆ ಲಗ್ನವಾಗಿ ಬಂದ ತಂಗಿಗೆ ಐದು ವರ್ಷಕ್ಕೊಮ್ಮೆ ಬೆರಳಿನ ಮಸಿಯೇ ಗತಿ. ಓದಿದವರು, ಪೇಟೆಯವರು ಎಂದು ಬೀಗುವ ನಾವು ಈ ಲೆಕ್ಕದಲ್ಲಿ ಹಿಂದುಳಿದವರು.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ನಾನು ನೌಕರಿ ಮಾಡಿದ ಒಂದು ಪಟ್ಟಣದಲ್ಲಿ ನಡುರಾತ್ರಿ ನಳ ಬಿಡುತ್ತಿದ್ದರು. ನಮ್ಮ ಓಣಿಯವರು ಒಂದು ತಿಂಗಳು ಹಳೆಯ ಕ್ಯಾಲೆಂಡರಿನ ಮೇಲೆ ನೀರು ಬಂದ ಹೊತ್ತನ್ನು ಗುರುತು ಹಾಕಿದರು. ಹನ್ನೊಂದು ಮಂದಿ ಅದನ್ನೇ ಹಿಡಿದುಕೊಂಡು ಹೋದೆವು. "ಅಕ್ಕಾರ, ಇದನ್ನ ಇಲ್ಲೇ ಬಿಟ್ಟು ಹೋಗ್ರಿ" ಎಂದ ಕಾರಕೂನನಿಗೆ ಒಬ್ಬ ಅಜ್ಜಿ, "ಬಿಡ್ತೀವಪ್ಪಾ, ಮುಟ್ಟೇತಿ ಅಂತ ಸಹಿ ಹಾಕಿ ಕೊಡು" ಎಂದಳು. ಸಹಿ ಸಿಕ್ಕಿತು. ಎರಡು ವಾರದ ಮೇಲೆ ನೀರು ನಸುಕಿನ ಐದಕ್ಕೆ ಬಂತು.

ವಾರ್ಡಿನ ಸದಸ್ಯರನ್ನು ವರ್ಷಕ್ಕೆ ಎರಡು ಸಲ ಓಣಿಯ ಗುಡಿಯ ಕಟ್ಟೆಗೋ ಶಾಲೆಯ ಪಡಸಾಲೆಗೋ ಕರೆಯಲು ಯಾವ ಕಾಯ್ದೆಯ ಅಡ್ಡಿಯೂ ಇಲ್ಲ. ಗಟಾರ, ದೀಪ, ನಳ ಎಂದು ಮೂರೇ ವಿಷಯ ಬರೆದುಕೊಳ್ಳಿ, ತಾರೀಖು ಹಾಕಿ, ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಿ. ಮುಂದಿನ ಸಭೆಗೆ ಅದೇ ಹಾಳೆ ತೆಗೆದುಕೊಂಡು ಬನ್ನಿ.