ತಿರುಗಿದ್ದನ್ನು ತಿರುಗಿದೆ ಎನ್ನದವರು

ಆಡಿದ ಮಾತಿನಿಂದ ಹಿಂದೆ ಸರಿದವರನ್ನು ಹಳಿಯಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಮಾತಿಗೆ ತಪ್ಪಿದ, ರಾಗ ಬದಲಿಸಿದ, ಉಲ್ಟಾ ಹೊಡೆದ, ಗೋಸುಂಬೆಯ ಹಾಗೆ ಬಣ್ಣ ಬದಲಿಸಿದ ಎನ್ನುತ್ತೇವೆ. ಅದೇ ಸಂಗತಿ ಸರ್ಕಾರಿ ಕಡತಕ್ಕೆ ಬಂದರೆ ಮರುಪರಿಶೀಲನೆ, ಮಾರ್ಪಾಡು, ಪರಿಷ್ಕರಣೆ ಆಗುತ್ತದೆ. ಇನ್ನೊಬ್ಬರು ತಿರುಗಿದರೆ ಒಂದು ಪದ, ತಾನೇ ತಿರುಗಿದರೆ ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ಯೋಚಿಸಿದಾಗಲೆಲ್ಲ ನನಗೆ ನೆನಪಾಗುವುದು ಬಂಗಾಳದ ವಿಭಜನೆ.

1905ರ ಅಕ್ಟೋಬರ್ 16ರಂದು, ವೈಸರಾಯ್ ಕರ್ಜನ್ ಯೋಜನೆಯಂತೆ ಬಂಗಾಳ ಎರಡಾಯಿತು. ಪ್ರಾಂತ್ಯ ತೀರಾ ದೊಡ್ಡದು, ಆಡಳಿತ ಕಷ್ಟ ಎಂಬುದು ಸರ್ಕಾರ ಕೊಟ್ಟ ಕಾರಣ. ಜನ ಅದನ್ನು ನಂಬಲಿಲ್ಲ. ವಿದೇಶಿ ಬಟ್ಟೆ ಬೀದಿಯಲ್ಲಿ ಉರಿಯಿತು, ಸ್ವದೇಶಿ ಚಳವಳಿ ಹಬ್ಬಿತು. ಈ ವಿಭಜನೆ ಬಹುಪಾಲು ಜನರ ಇಚ್ಛೆಗೆ ವಿರುದ್ಧವಾದದ್ದೆಂದು 1906ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡದ್ದು ಭಾರತ ಮಂತ್ರಿ ಜಾನ್ ಮಾರ್ಲೆ. ಆದರೆ ಅದೇ ಉಸಿರಿನಲ್ಲಿ ಅವರು ಅದನ್ನು ‘ಇತ್ಯರ್ಥವಾದ ಸಂಗತಿ’ ಎಂದರು. ತಪ್ಪೆಂದು ಗೊತ್ತಿದ್ದೂ ತಿರುಗಲಾಗದ ಸ್ಥಿತಿ ಅದು. ಚಳವಳಿಗೆ ಮಣಿದರೆ ಸಾಮ್ರಾಜ್ಯದ ಮರ್ಯಾದೆ ಹೋಗುತ್ತದೆಂಬ ಅಂಜಿಕೆ. ಇತ್ಯರ್ಥವಾದದ್ದನ್ನೇ ಬಿಚ್ಚಿಹಾಕುತ್ತೇವೆ ಎಂಬ ಶಪಥ ಸುರೇಂದ್ರನಾಥ ಬ್ಯಾನರ್ಜಿಯವರ ಹೆಸರಿನೊಂದಿಗೆ ಸೇರಿಹೋಯಿತು.

ಆರು ವರ್ಷಗಳ ನಂತರ ಸರ್ಕಾರ ತಿರುಗಿತು. ಹೇಗೆ ತಿರುಗಿತು ಎಂಬುದೇ ಸ್ವಾರಸ್ಯ. 1911ರ ಆಗಸ್ಟ್ 25ರಂದು ವೈಸರಾಯ್ ಹಾರ್ಡಿಂಜ್ ಸರ್ಕಾರ ಲಂಡನ್ನಿಗೆ ಕಳಿಸಿದ ಪತ್ರದಲ್ಲಿ ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಒಯ್ಯುವುದು ಮೊದಲ ಮಾತು; ಬಂಗಾಳಿ ಮಾತಾಡುವ ಜಿಲ್ಲೆಗಳನ್ನು ಒಂದುಗೂಡಿಸುವುದು ಅದರ ಬೆನ್ನಿಗೆ ಬರುವ ಮಾತು. ಡಿಸೆಂಬರ್ 12ರಂದು ದೆಹಲಿ ದರ್ಬಾರಿನ ಕೊನೆಯಲ್ಲಿ ಐದನೇ ಜಾರ್ಜ್ ದೊರೆ ಘೋಷಣೆ ಓದಿದಾಗಲೂ ಕ್ರಮ ಅದೇ. ರಾಜಧಾನಿ ಬದಲಾಗುತ್ತಿದೆ, ಅದರ ಪರಿಣಾಮವಾಗಿ ಬಂಗಾಳಕ್ಕೊಬ್ಬ ಗವರ್ನರ್ ಬರುತ್ತಾನೆ, ಬಿಹಾರ ಮತ್ತು ಒರಿಸ್ಸಾ ಬೇರೆ ಪ್ರಾಂತ್ಯವಾಗುತ್ತವೆ, ಅಸ್ಸಾಮಿಗೆ ಮುಖ್ಯ ಕಮಿಷನರ್ ಇರುತ್ತಾನೆ. ಹಿಂದಿನ ನಿರ್ಧಾರವನ್ನು ಕೈಬಿಟ್ಟೆವು ಎಂಬ ಪದ ಎಲ್ಲೂ ಬರದಂತೆ ಹೆಣೆದ ಘೋಷಣೆ ಅದು.

ಬಂಗಾಳಿಗಳು ಮಾತ್ರ ಅದಕ್ಕೆ ನೇರವಾದ ಹೆಸರಿಟ್ಟರು: ‘ಬಂಗಭಂಗ ರದ್’. ನಾವು ರೈಲು ರದ್ದಾಯಿತು, ಸಭೆ ರದ್ದಾಯಿತು ಎನ್ನುವಾಗ ಬಳಸುವ ಪದವೇ ಇದು. ಅರಬ್ಬಿಯಲ್ಲಿ ಅದರ ಮೂಲಾರ್ಥ ಹಿಂದಿರುಗಿಸುವುದು. ಕಲ್ಕತ್ತೆಗೆ ಬಂಗಾಳ ಹಿಂದಿರುಗಿತು. ಅದೇ ಗಳಿಗೆಯಲ್ಲಿ ರಾಜಧಾನಿ ಕೈಬಿಟ್ಟಿತು.

ಢಾಕಾದವರ ಅನುಭವ ಬೇರೆ. ಆರು ವರ್ಷ ಅವರ ಊರು ಪೂರ್ವ ಬಂಗಾಳ ಮತ್ತು ಅಸ್ಸಾಂ ಪ್ರಾಂತ್ಯದ ರಾಜಧಾನಿಯಾಗಿತ್ತು. ಹೊಸ ಪ್ರಾಂತ್ಯವನ್ನು ನಂಬಿ ಅಲ್ಲಿನ ಮುಸ್ಲಿಂ ಮುಖಂಡರು ಭವಿಷ್ಯದ ಲೆಕ್ಕ ಹಾಕಿದ್ದರು. ಇತ್ಯರ್ಥವಾಗಿದೆ ಎಂದವರೇ ಕಿತ್ತುಕೊಂಡಾಗ ಅವರ ಪಾಲಿಗೆ ಅದು ಮಾರ್ಪಾಡಲ್ಲ, ಕೊಟ್ಟ ಮಾತು ಮುರಿದದ್ದು. ಅವರನ್ನು ಸಮಾಧಾನಪಡಿಸಲು 1912ರಲ್ಲಿ ಹಾರ್ಡಿಂಜ್ ವಿಶ್ವವಿದ್ಯಾಲಯವೊಂದರ ಭರವಸೆ ಕೊಟ್ಟರು. ಅದು ಬಾಗಿಲು ತೆರೆದದ್ದು 1921ರಲ್ಲಿ.

ಒಂದೇ ನಿರ್ಧಾರ: ದರ್ಬಾರಿನಲ್ಲಿ ಪುನರ್ರಚನೆ, ಕಲ್ಕತ್ತೆಯಲ್ಲಿ ಗೆಲುವು, ಢಾಕಾದಲ್ಲಿ ವಚನಭಂಗ. ಹಾಗಾದರೆ ನಿರ್ಧಾರ ಬದಲಿಸುವುದೇ ಕೆಟ್ಟದ್ದೇ? ನಮ್ಮ ಗೋವಿನ ಹಾಡು ಹಾಗೆನ್ನುವುದಿಲ್ಲ. ಪುಣ್ಯಕೋಟಿ ಮಾತು ಉಳಿಸಿಕೊಂಡದ್ದನ್ನು ನಾವೆಲ್ಲ ಕೊಂಡಾಡುತ್ತೇವೆ. ಆದರೆ ಅಲ್ಲಿ ನಿರ್ಧಾರ ಬದಲಿಸಿದ್ದು ಹುಲಿ. ತಿನ್ನುತ್ತೇನೆ ಎಂದದ್ದು ತಿನ್ನಲಿಲ್ಲ. ಅದು ಉಲ್ಟಾ ಹೊಡೆಯಿತು ಎಂದು ಯಾರೂ ಹೇಳಿಲ್ಲ. ಮನಸ್ಸು ಕರಗಿತು ಎನ್ನುತ್ತೇವೆ. ಏಕೆಂದರೆ ಆ ತಿರುವಿನ ಬೆಲೆಯನ್ನು ಹುಲಿ ತಾನೇ ತೆತ್ತಿತು. 1911ರಲ್ಲಿ ತಿರುಗಿದ್ದು ದೆಹಲಿ, ಬೆಲೆ ತೆತ್ತದ್ದು ಢಾಕಾ. ಯಾವುದೇ ಸರ್ಕಾರ ಮಾರ್ಪಾಡು ಎಂದಾಗ ನಾನು ಮೊದಲು ಹುಡುಕುವುದು ಆ ಬೆಲೆ ತೆರುವವರು ಯಾರೆಂಬುದನ್ನು.