ಅಮೆರಿಕದ ಬೇಸಿಗೆ ಭೌತವಿಜ್ಞಾನ ಸಂಶೋಧನಾ ಕಾರ್ಯಕ್ರಮಗಳು

ಕಾಲೇಜಿನ ಬೇಸಿಗೆ ರಜೆಯಲ್ಲಿ ಪದವಿ ವಿದ್ಯಾರ್ಥಿಗಳು ಎಂಟು-ಹತ್ತು ವಾರ ಪ್ರಯೋಗಾಲಯವೊಂದರಲ್ಲಿದ್ದು, ವಿಜ್ಞಾನಿಯೊಬ್ಬರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುವ ಏರ್ಪಾಡು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಹುಕಾಲದಿಂದ ಇದೆ. ಆಫ್ರಿಕನ್-ಅಮೆರಿಕನ್, ಲ್ಯಾಟಿನೊ ಮತ್ತು ಮೂಲನಿವಾಸಿ ವಿದ್ಯಾರ್ಥಿಗಳನ್ನೂ ಮಹಿಳೆಯರನ್ನೂ ಭೌತವಿಜ್ಞಾನಕ್ಕೆ ಕರೆತರಲೆಂದೇ ರೂಪಿಸಿದ ಕಾರ್ಯಕ್ರಮಗಳು ಮೊದಲಾದದ್ದು 1970ರ ದಶಕದಲ್ಲಿ.

ಅವುಗಳ ಅಗತ್ಯ ಅದಕ್ಕಿಂತ ಬಹಳ ಹಳೆಯದು. ಎಡ್ವರ್ಡ್ ಬೂಶೆ 1876ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಅಮೆರಿಕದಲ್ಲಿ ಈ ಪದವಿ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಅವರೇ. ಆದರೂ ಸಂಶೋಧನೆಯ ಬಾಗಿಲು ಅವರಿಗೆ ತೆರೆಯಲಿಲ್ಲ. ಫಿಲಡೆಲ್ಫಿಯದ ಶಾಲೆಯೊಂದರಲ್ಲಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಪಾಠ ಹೇಳಿದರು. ಪ್ರತಿಭೆ ಇದ್ದರೆ ಸಾಲದು, ಪ್ರಯೋಗಾಲಯದೊಳಗೆ ಒಂದು ಜಾಗವೂ ಬೇಕು ಎಂಬುದಕ್ಕೆ ಅವರ ಬದುಕಿಗಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ನಾಗರಿಕ ಹಕ್ಕುಗಳ ಚಳವಳಿಯ ನಂತರ ಈ ಜಾಗಕ್ಕಾಗಿ ಒತ್ತಾಯ ಸಂಸ್ಥೆಗಳ ಒಳಗಿನಿಂದಲೇ ಬಂತು. ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದ ಕರಿಯ ನೌಕರರು 1970ರಲ್ಲಿ ತಮ್ಮದೇ ಸಂಘ ಕಟ್ಟಿದರು. ಮುಂದೆ ವ್ಯಾಪಕವಾಗಿ ಬಳಕೆಗೆ ಬಂದ ಎಲೆಕ್ಟ್ರೆಟ್ ಮೈಕ್ರೋಫೋನನ್ನು ಗೆರ್ಹಾರ್ಡ್ ಸೆಸ್ಲರ್ ಜೊತೆ ರೂಪಿಸಿದ್ದ ಜೇಮ್ಸ್ ವೆಸ್ಟ್ ಅದರ ಸ್ಥಾಪಕರಲ್ಲೊಬ್ಬರು. ಸಂಘದ ಪ್ರಯತ್ನದ ಫಲವಾಗಿ ಡಾಕ್ಟರೇಟ್ ಓದುವವರಿಗೆ ಒಂದು ವಿದ್ಯಾರ್ಥಿವೇತನವೂ, ಅಲ್ಪಸಂಖ್ಯಾತ ಸಮುದಾಯಗಳ ಹಾಗೂ ಮಹಿಳಾ ಪದವಿ ವಿದ್ಯಾರ್ಥಿಗಳಿಗೆ ಒಂದು ಬೇಸಿಗೆ ಕಾರ್ಯಕ್ರಮವೂ ಹುಟ್ಟಿಕೊಂಡವು. ಟ್ರಾನ್ಸಿಸ್ಟರ್ ಹುಟ್ಟಿದ ಸಂಸ್ಥೆಯಲ್ಲಿ ಇಪ್ಪತ್ತರ ಹರೆಯದವರು ವಿಜ್ಞಾನಿಗಳ ಪಕ್ಕದಲ್ಲೇ ಕೆಲಸ ಕಲಿತರು. ಷಿಕಾಗೊ ಸಮೀಪದ ಕಣಭೌತವಿಜ್ಞಾನ ಪ್ರಯೋಗಾಲಯ ಫರ್ಮಿಲ್ಯಾಬ್‌ನ ಮೊದಲ ನಿರ್ದೇಶಕ ರಾಬರ್ಟ್ ವಿಲ್ಸನ್ 1968ರಲ್ಲೇ ಮಾನವ ಹಕ್ಕುಗಳ ನೀತಿ ಪ್ರಕಟಿಸಿದ್ದರು. ಅಲ್ಲಿಯೂ 1970ರ ದಶಕದ ಆರಂಭದಲ್ಲಿ ಇಂಥದೇ ಬೇಸಿಗೆ ತರಬೇತಿ ಶುರುವಾಯಿತು. ಕರಿಯ ಭೌತವಿಜ್ಞಾನಿಗಳ ರಾಷ್ಟ್ರೀಯ ಸಂಘ 1977ರಲ್ಲಿ ಸ್ಥಾಪನೆಯಾಯಿತು.

ಸರ್ಕಾರದ ಹಣ ಬಂದದ್ದು ಬೇರೆ ದಾರಿಯಿಂದ. ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿದ ಮರುವರ್ಷ, 1958ರಲ್ಲಿ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ನೆರವು ಆರಂಭಿಸಿತು. 1980ರ ದಶಕದ ಆರಂಭದ ಖರ್ಚು ಕಡಿತದಲ್ಲಿ ಅದು ನಿಂತುಹೋಯಿತು. 1987ರಲ್ಲಿ ಆರ್‌ಇಯು (ಪದವಿ ವಿದ್ಯಾರ್ಥಿಗಳಿಗೆ ಸಂಶೋಧನಾ ಅನುಭವ) ಎಂಬ ಹೆಸರಿನಲ್ಲಿ ಹೊಸ ರೂಪ ಪಡೆಯಿತು. ಒಂದೊಂದು ಕೇಂದ್ರಕ್ಕೆ ಸುಮಾರು ಹತ್ತು ಮಂದಿಯನ್ನು ಆರಿಸುವುದು, ಸಂಶೋಧನಾ ಸೌಲಭ್ಯವಿಲ್ಲದ ಸಣ್ಣ ಕಾಲೇಜುಗಳವರಿಗೂ ಅವಕಾಶ ಕೊಡುವುದು ಇದರ ರೀತಿ.

ಈ ಎಲ್ಲ ಕಾರ್ಯಕ್ರಮಗಳ ಜೀವಾಳ ವೇತನ. ಮುಂದಿನ ವರ್ಷದ ಶುಲ್ಕಕ್ಕಾಗಿ ರಜೆಯಲ್ಲಿ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿಯಲೇಬೇಕಾದ ವಿದ್ಯಾರ್ಥಿಗೆ ಸಂಬಳವಿಲ್ಲದ ಸಂಶೋಧನೆ ಎಟುಕದ ಮಾತು. ವೇತನ, ವಸತಿ, ಪ್ರಯಾಣದ ಖರ್ಚು ಮೂರೂ ಸಿಕ್ಕಾಗ ಮಾತ್ರ ಆಯ್ಕೆ ಅರ್ಹತೆಯ ಮೇಲೆ ನಿಲ್ಲುತ್ತದೆ. ಜೊತೆಗೆ, ಹತ್ತು ವಾರ ತಮ್ಮ ಕೆಲಸ ಕಂಡ ವಿಜ್ಞಾನಿ ಬರೆದುಕೊಡುವ ಶಿಫಾರಸು ಪತ್ರಕ್ಕೆ ಡಾಕ್ಟರೇಟ್ ಪ್ರವೇಶದಲ್ಲಿ ತೂಕ ಹೆಚ್ಚು.

ಪ್ರಯೋಗಾಲಯದಾಚೆ, ಸೈದ್ಧಾಂತಿಕ ಭೌತವಿಜ್ಞಾನದಲ್ಲೂ ಇಂಥ ಒಂದು ಪ್ರಯತ್ನ ನಡೆದಿದೆ. ಭೌತವಿಜ್ಞಾನಿ ಸಿಲ್ವೆಸ್ಟರ್ ಜೇಮ್ಸ್ ಗೇಟ್ಸ್ ಮೊದಲು ಮೇರಿಲ್ಯಾಂಡ್, ಬಳಿಕ ಬ್ರೌನ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಬೇಸಿಗೆ ಶಿಬಿರದಲ್ಲಿ ಪದವಿ ವಿದ್ಯಾರ್ಥಿಗಳು ಸೂಪರ್‌ಸಿಮೆಟ್ರಿ ಎಂಬ ಕಣಸಿದ್ಧಾಂತದ ಗಣಿತವನ್ನೇ ಕೈಗೆತ್ತಿಕೊಂಡರು.

ಇಷ್ಟಾದರೂ ಅಂತರ ಮುಚ್ಚಿಲ್ಲ. ಅಮೆರಿಕನ್ ಭೌತವಿಜ್ಞಾನ ಸಂಸ್ಥೆಯ ಕಾರ್ಯಪಡೆ 2020ರಲ್ಲಿ ಕೊಟ್ಟ ವರದಿ, ಭೌತವಿಜ್ಞಾನ ಪದವೀಧರರಲ್ಲಿ ಆಫ್ರಿಕನ್-ಅಮೆರಿಕನ್ನರ ಪಾಲು ಹಿಂದಿಗಿಂತ ಕುಗ್ಗಿದೆ ಎಂದಿತು. ತಾವೂ ಇಲ್ಲಿಯವರೇ ಎಂಬ ಭಾವ ಮೂಡದಿರುವುದನ್ನೂ ಹಣದ ಮುಗ್ಗಟ್ಟನ್ನೂ ಮುಖ್ಯ ಕಾರಣಗಳಲ್ಲಿ ಎಣಿಸಿ, ಈ ಪದವಿ ಪಡೆಯುವ ಆಫ್ರಿಕನ್-ಅಮೆರಿಕನ್ನರ ಸಂಖ್ಯೆಯನ್ನು 2030ರೊಳಗೆ ಇಮ್ಮಡಿಗೊಳಿಸುವ ಗುರಿ ಇಟ್ಟಿತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಕಾಲೇಜು ಪ್ರವೇಶದಲ್ಲಿ ಜನಾಂಗ ಪರಿಗಣನೆಯನ್ನು ನಿಷೇಧಿಸಿದ ಮೇಲೆ ಹಲವು ಕಾರ್ಯಕ್ರಮಗಳು ಕುಟುಂಬದ ಆದಾಯ, ಮೊದಲ ತಲೆಮಾರಿನ ವಿದ್ಯಾಭ್ಯಾಸ ಮುಂತಾದ ಮಾನದಂಡಗಳ ಕಡೆ ಹೊರಳಿದವು. 2025ರಲ್ಲಿ ಕೇಂದ್ರ ಸರ್ಕಾರ ವೈವಿಧ್ಯ ಸಂಬಂಧಿ ಅನುದಾನಗಳನ್ನು ದೊಡ್ಡ ಪ್ರಮಾಣದಲ್ಲಿ ರದ್ದುಗೊಳಿಸಿತು. ಅದೇ ವರ್ಷ ಕೆಲವು ಆರ್‌ಇಯು ಕೇಂದ್ರಗಳು ಬೇಸಿಗೆಯ ತರಬೇತಿಯನ್ನು ಕೈಬಿಟ್ಟವು.