ಜಮಖಂಡಿಯ ಗ್ರಹಣವೀಕ್ಷಣೆಯೂ ಶಾಲೆಯ ಪ್ರಯೋಗದ ವಹಿಯೂ

ನಮ್ಮ ಶಾಸನಗಳಲ್ಲಿ ಗ್ರಹಣಗಳ ಉಲ್ಲೇಖವು ವಿಪುಲವಾಗಿ ದೊರೆಯುತ್ತದೆಂಬುದು ವಾಚಕರಿಗೆ ವಿದಿತವೇ ಇದೆ. ಸಂವತ್ಸರ, ಮಾಸ, ತಿಥಿ, ವಾರಗಳನ್ನು ಬೇರೆಬೇರೆಯಾಗಿ ನಮೂದಿಸಿರುವುದರಿಂದಲೇ ಅವುಗಳ ಕಾಲವನ್ನು ಗಣಿತದಿಂದ ಪರೀಕ್ಷಿಸಲು ಸಾಧ್ಯವಾಗಿದೆ. ಒಂದು ಅಂಗವು ತಪ್ಪಿದ್ದರೆ ಉಳಿದವು ಅದನ್ನು ತೋರಿಸಿಕೊಡುತ್ತವೆ. ಇದೇ ನ್ಯಾಯವು ಭೌತವಿಜ್ಞಾನದ ದಾಖಲೆಗಳಿಗೂ ಸಲ್ಲುವುದೆಂಬುದನ್ನು, ಬೀಳಗಿಗೆ ನೆರೆಯೂರಾದ ಜಮಖಂಡಿಯಲ್ಲಿ ನಡೆದ ಒಂದು ವೀಕ್ಷಣೆಯ ಚರಿತ್ರೆಯಿಂದ ತೋರಿಸುವುದು ಈ ಲೇಖನದ ಉದ್ದೇಶ.

ಶಕ 1790ನೆಯ ವಿಭವ ಸಂವತ್ಸರದ ಶ್ರಾವಣ ಬಹುಳ ಅಮಾವಾಸ್ಯೆ ಮಂಗಳವಾರ, ಎಂದರೆ 1868ನೆಯ ಇಸವಿ ಆಗಸ್ಟ್ 18ರಂದು, ಖಗ್ರಾಸ ಸೂರ್ಯಗ್ರಹಣವಾಯಿತು. ವಿಜಾಪುರ, ಜಮಖಂಡಿ, ಬೀಳಗಿಗಳ ಸೀಮೆಯು ಚಂದ್ರನ ಪೂರ್ಣಚ್ಛಾಯೆಯೊಳಗೆ ಸೇರಿತ್ತು. ಜಮಖಂಡಿಯು ಆಗ ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗನೂ ಭಾರತದ ಮಹಾ ತ್ರಿಕೋಣಮಿತಿ ಮೋಜಣಿಯ ಅಧಿಕಾರಿಯೂ ಆದ ಲೆಫ್ಟಿನೆಂಟ್ ಜಾನ್ ಹರ್ಷೆಲನು, ಲಂಡನ್ನಿನ ರಾಯಲ್ ಸೊಸೈಟಿಯ ದೂರದರ್ಶಕ ಹಾಗೂ ವರ್ಣಪಟಲದರ್ಶಕಗಳೊಡನೆ ಅಲ್ಲಿ ಸಿದ್ಧನಾಗಿದ್ದನು. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗನು ಕೈಯಲ್ಲಿ ಹಿಡಿಯುವ ಚಿಕ್ಕ ಉಪಕರಣದಿಂದ ನೋಡುತ್ತಿದ್ದನು.

ಗ್ರಹಣಕಾಲದಲ್ಲಿ ಸೂರ್ಯಬಿಂಬದ ಅಂಚಿನಲ್ಲಿ ಕಾಣುವ ಕೆಂಜ್ವಾಲೆಗಳು ಏನೆಂಬುದು ಅಂದಿನ ಪ್ರಶ್ನೆ. ಅವುಗಳ ವರ್ಣಪಟಲದಲ್ಲಿ ಬಿಡಿಬಿಡಿಯಾದ ಉಜ್ಜ್ವಲ ರೇಖೆಗಳು ಕಂಡರೆ ಅವು ಉರಿಯುವ ಅನಿಲಗಳೆಂದು ನಿಶ್ಚಯವಾಗುತ್ತಿತ್ತು. ದೊರೆತ ಅವಕಾಶವು ಐದಾರು ನಿಮಿಷ ಮಾತ್ರ. ಅದರಲ್ಲಿಯೂ ಮೋಡಗಳು ಅಡ್ಡಬರುತ್ತಿದ್ದವು. ಹೇಗನು ಗುಲಾಬಿಗೆಂಪಿನದೊಂದು, ತಿಳಿಹೊನ್ನಿನದೊಂದು ಪಟ್ಟೆಯನ್ನು ಕಂಡನೆಂದು ಬರೆದನು. ಹರ್ಷೆಲನು ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ರೇಖೆಗಳನ್ನು ಕಂಡನು. ಬಣ್ಣದ ಹೆಸರಿಗೇ ನಿಲ್ಲದೆ ಸ್ಥಾನವನ್ನು ಅಳೆಯಲೂ ತೊಡಗಿದನು.

ಅವನ ವರದಿಯ ಹಿರಿಮೆಯು ಇಲ್ಲಿದೆ. ಮೂರು ರೇಖೆಗಳಿಗೂ ಅವನು ಒಂದೇ ಬಗೆಯ ನಿಶ್ಚಯವನ್ನು ಆರೋಪಿಸಲಿಲ್ಲ. ಕಿತ್ತಳೆರೇಖೆಯು, ತನ್ನ ಉಪಕರಣದ ಶಕ್ತಿಗೆ ನಿಲುಕುವಷ್ಟರ ಮಟ್ಟಿಗೆ, ಸೋಡಿಯಮ್ಮಿನ ‘ಡಿ’ ರೇಖೆಯೇ ಎಂದನು. ನೀಲಿಯು ‘ಎಫ್’ ರೇಖೆಯೆಂಬುದು ಸಿದ್ಧವಾಗಿಲ್ಲವೆಂದನು. ಕೆಂಪಿನ ವಿಷಯದಲ್ಲಿ ‘ಬಿ’, ‘ಸಿ’ಗಳೆಂಬ ಎಲ್ಲೆಗಳನ್ನು ಮಾತ್ರ ಹೇಳಿದನು.

ಮುಂದೆ ಕೆಂಪು, ನೀಲಿಗಳು ಜಲಜನಕದ ‘ಸಿ’, ‘ಎಫ್’ ರೇಖೆಗಳೇ ಎಂದು ಗೊತ್ತಾಯಿತು. ಈ ಜ್ವಾಲೆಗಳ ರೇಖೆಗಳನ್ನು ಗ್ರಹಣವಿಲ್ಲದೆಯೂ ನೋಡಬಹುದೆಂದು ಗುಂಟೂರಿನಲ್ಲಿ ಜಾನ್ಸೆನನು ಮರುದಿನವೇ ಕಂಡುಕೊಂಡನು. ಅದೇ ವರ್ಷದ ಅಕ್ಟೋಬರ್ 20ರಂದು ಇಂಗ್ಲೆಂಡಿನಲ್ಲಿ ಲಾಕಿಯರನೂ ಅವನ್ನು ಕಂಡನು. ಬಿಡುವಾಗಿ ಅಳೆಯಲಾಗಿ, ಆ ಕಿತ್ತಳೆರೇಖೆಯು ಸೋಡಿಯಮ್ಮಿನದಲ್ಲವೆಂದು ಹೊರಪಟ್ಟಿತು. ಇಂದಿನ ಮಾನದಲ್ಲಿ ಸೋಡಿಯಮ್ಮಿನ ಜೋಡಿರೇಖೆಗಳು 589.0 ಹಾಗೂ 589.6 ನ್ಯಾನೋಮೀಟರು, ಇದು 587.6. ಈ ಅಲ್ಪ ಅಂತರದಲ್ಲಿಯೇ ಹೀಲಿಯಂ ಎಂಬ ಮೂಲವಸ್ತು ಅಡಗಿತ್ತು. ಅದನ್ನು ಭೂಮಿಯ ಖನಿಜದಿಂದ ರಾಮ್ಸೆಯು ಬೇರ್ಪಡಿಸಿದುದು 1895ರಲ್ಲಿ.

ಹರ್ಷೆಲನ ಅನುಮಾನವು ಬಿದ್ದುಹೋಯಿತು. ಅವನ ದಾಖಲೆಯು ಬೀಳಲಿಲ್ಲ. ಅಳತೆಯನ್ನೂ ಅಳತೆಯ ಮಿತಿಯನ್ನೂ ಅನುಮಾನವನ್ನೂ ಅವನು ಕಲೆಸದೆ ಬರೆದಿದ್ದುದೇ ಇದಕ್ಕೆ ಕಾರಣ.

ಈ ವಿವೇಕವು ಶಾಲೆಯ ಪ್ರಯೋಗದ ವಹಿಗೂ ಅವಶ್ಯವಾದುದು. ಬೀಳಗಿಯು ಸಮುದ್ರಮಟ್ಟಕ್ಕಿಂತ ಐನೂರು ಮೀಟರಿಗೂ ಮಿಕ್ಕು ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಯಲ್ಲಿ. ಉಷ್ಣಮಾಪಕವು 98 ಎಂದು ತೋರಿಸುತ್ತಿರಲು, ಪಠ್ಯಪುಸ್ತಕದಲ್ಲಿ 100 ಎಂದಿರುವುದರಿಂದ ವಿದ್ಯಾರ್ಥಿಯು ಅಂಕವನ್ನು ತಿದ್ದಿದನಾದರೆ, ಅವನ ಊರಿನ ಎತ್ತರವೇ ಲೆಕ್ಕದಿಂದ ಅಳಿಸಿಹೋಗುತ್ತದೆ. ಆ ಎರಡು ಡಿಗ್ರಿ ಎತ್ತರದ್ದೋ, ಮಾಪಕದ ದೋಷವೋ ಎಂಬುದು ಅನಂತರದ ವಿಚಾರ; ಆ ವಿಚಾರಕ್ಕೆ ಮೊದಲ ಅಂಕವು ಉಳಿದಿರಬೇಕು. ಶಾಸನಪಾಠವನ್ನು ಪ್ರಕಟಿಸುವಾಗ ಕಲ್ಲಿನ ಮೇಲಿರುವ ಅಕ್ಷರವನ್ನು ಇದ್ದಂತೆಯೇ ಕೊಟ್ಟು, ಸಂಪಾದಕನ ತಿದ್ದುಪಡಿಯನ್ನು ಬೇರೆಯಾಗಿ ತೋರಿಸುವ ಪದ್ಧತಿಯನ್ನು ಬಲ್ಲ ನಮ್ಮ ಅಧ್ಯಾಪಕರಿಗೆ ಈ ನಿಯಮವು ಹೊಸದಲ್ಲ.